ಜೀವನ್‌ಬಿಮಾ ನಗರದ ನರ್ಸರಿ: ಶಾಲೆ ಮುಗಿದ ಮಕ್ಕಳಿಗೊಂದು ಕಸುಬು

ಬೆಂಗಳೂರಿನ ಜೀವನ್‌ಬಿಮಾ ನಗರದಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, ಅಂದರೆ ಎಪಿಡಿ, ನಡೆಸುವ ನರ್ಸರಿಗೆ ಹೆಚ್ಚಿನವರು ಗಿಡ ಕೊಳ್ಳಲು ಹೋಗುತ್ತಾರೆ. ಅದು ವಿಕಲಚೇತನ ಯುವಜನರ ತೋಟಗಾರಿಕೆ ತರಬೇತಿ ಕೇಂದ್ರವೂ ಹೌದು. ಈ ವಿಮರ್ಶೆಯನ್ನು ನಾನು ಬರೆಯುತ್ತಿರುವುದು ಮುಖ್ಯವಾಗಿ ಅಂಥ ಮಕ್ಕಳ ತಂದೆತಾಯಂದಿರಿಗಾಗಿ. ಸ್ವತಃ ಪೋಲಿಯೊಗೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆ ಇದು.

ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು ಶೇ. 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆಮೇಲೆ ಏನು ಎಂಬ ಪ್ರಶ್ನೆ ಮನೆಯವರ ಪಾಲಿಗೇ ಉಳಿಯುತ್ತದೆ. ಸರ್ಕಾರಿ ನೌಕರಿಯ ಶೇ. 4ರ ಮೀಸಲಾತಿಯಲ್ಲಿ ಬೌದ್ಧಿಕ ವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವೈಕಲ್ಯ ಇವೆಲ್ಲಕ್ಕೂ ಸೇರಿ ಸಿಗುವುದು ಶೇ. 1 ಮಾತ್ರವಾದ್ದರಿಂದ, ಈ ಮಕ್ಕಳಿಗೆ ಕೈಕಸುಬೇ ದೊಡ್ಡ ಆಸರೆ.

ತೋಟದ ಕೆಲಸ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸುವುದು, ಕುಂಡ ತುಂಬುವುದು, ಕಡ್ಡಿ ನೆಡುವುದು, ಬೇರು ಬಿಟ್ಟ ಸಸಿಯನ್ನು ದೊಡ್ಡ ಕುಂಡಕ್ಕೆ ಬದಲಿಸುವುದು, ಹೀಗೆ ಒಂದೊಂದು ಹಂತವನ್ನೂ ಬಿಡಿಯಾಗಿ ಕಲಿಸಬಹುದು. ಓದುಬರಹ ಬಾರದವರೂ, ಮಾತು ಕಡಿಮೆ ಇರುವವರೂ ತಮಗೆ ಹೊಂದುವ ಹಂತದಲ್ಲಿ ಪಳಗಬಹುದು. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಕೆಲವೇ ದಿನಗಳಲ್ಲಿ ಗಿಡವೇ ತೋರಿಸಿಕೊಡುತ್ತದೆ. ಇನ್ನು, ಇಲ್ಲಿನ ಗಿಡಗಳನ್ನು ಕನಿಕರದಿಂದ ಕೊಳ್ಳಬೇಕಾಗಿಲ್ಲ. ನಾನು ತಂದ ದಾಸವಾಳ, ಮಲ್ಲಿಗೆ ಎರಡರಲ್ಲೂ ಮಣ್ಣು ಸಡಿಲವಾಗಿತ್ತು, ಬೇರು ಗಟ್ಟಿಯಾಗಿ ಹಿಡಿದಿತ್ತು. ಕಲಿತವರ ಕೆಲಸಕ್ಕೆ ಇದಕ್ಕಿಂತ ನೇರವಾದ ಪ್ರಮಾಣಪತ್ರ ನನಗೆ ಬೇಕಿಲ್ಲ.

ಆದರೆ ಯಾವ ತರಬೇತಿ ಕೇಂದ್ರವೂ ಶಾಲೆಯಲ್ಲೇ ಆಗಬೇಕಿದ್ದ ಸಿದ್ಧತೆಯನ್ನು ಪೂರ್ತಿಯಾಗಿ ತುಂಬಿಕೊಡಲಾರದು. ಒಬ್ಬರೇ ಬಸ್ ಹತ್ತುವುದು, ಚಿಲ್ಲರೆ ಎಣಿಸುವುದು, ಹೊತ್ತಿಗೆ ಸರಿಯಾಗಿ ಹೊರಡುವುದು, ಬೇಡದ್ದಕ್ಕೆ ಬೇಡವೆನ್ನುವುದು ಎಂಟನೆಯ ತರಗತಿಯ ಹೊತ್ತಿಗೇ ಪಾಠದ ಭಾಗವಾಗಬೇಕು. ಬೌದ್ಧಿಕ ವೈಕಲ್ಯವಿರುವ ಮಗುವಿಗೆ 18 ತುಂಬುವ ಮೊದಲೇ, 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಪೋಷಕತ್ವ, ಅಂದರೆ ವಯಸ್ಕರಾದ ಮೇಲೂ ಅವರ ಪರವಾಗಿ ನಿರ್ಧಾರ ಕೈಗೊಳ್ಳುವ ಕಾನೂನುಬದ್ಧ ಹೊಣೆ, ಅಗತ್ಯವೇ ಎಂಬುದನ್ನೂ ಮನೆಯವರು ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಹೋಗುವಾಗ ಮಗ ಅಥವಾ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಮಾರಾಟದ ಜಾಗದಲ್ಲೇ ನಿಲ್ಲದೆ ತರಬೇತಿಯ ಬಗ್ಗೆ ಸಿಬ್ಬಂದಿಯನ್ನು ಕೇಳಿ. ಮಣ್ಣು ಮುಟ್ಟಲು ಇಷ್ಟಪಡದ ಮಕ್ಕಳೂ ಇರುತ್ತಾರೆ. ಅವರಿಗೆ ಬೇರೆ ಕಸುಬು ಹುಡುಕಬೇಕು.