ಥರ್ಮೋಸ್ಟಾಟ್ ಬದಲಿಸಿದ ಮೇಲೆ ‘ಗ್ಯಾಸ್ ಖಾಲಿ’ ಎಂದರೆ ನಂಬಬೇಡಿ

ಮನೆಯ ಹೀಟ್ ಪಂಪಿಗೆ (ತಂಪು, ಬಿಸಿ ಎರಡನ್ನೂ ಕೊಡುವ ಎ.ಸಿ.ಯಂಥ ಯಂತ್ರಕ್ಕೆ) ಸ್ಮಾರ್ಟ್ ಥರ್ಮೋಸ್ಟಾಟ್, ಅಂದರೆ ಕೋಣೆಯ ಉಷ್ಣಾಂಶ ನೋಡಿ ಯಂತ್ರವನ್ನು ಓಡಿಸುವ ಗೋಡೆಯ ಸಾಧನ, ಹಾಕಿಸಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ಹಾಕಿಸಿದ ಬೆನ್ನಿಗೇ ಯಂತ್ರ ಉಲ್ಟಾ ಕೆಲಸ ಮಾಡತೊಡಗಿದರೆ ಗ್ಯಾಸ್ (ಯಂತ್ರದೊಳಗೆ ಸುತ್ತುತ್ತ ಶಾಖ ಸಾಗಿಸುವ ಶೀತಕ) ತುಂಬಿಸಲು ಒಪ್ಪಬೇಡಿ. ನಮ್ಮಿಂದ ಹಾಗೆ ಹಣ ಕಿತ್ತರು, ಮನೆಯ ಹಿರಿಯರನ್ನು ಚಳಿಯಲ್ಲಿ ನಡುಗಿಸಿದರು. ಆ ಸಿಟ್ಟು ನನಗಿನ್ನೂ ಆರಿಲ್ಲ.

ಜೆ.ಪಿ. ನಗರದ ನಮ್ಮ ಮನೆಯಲ್ಲಿ ಡಕ್ಟ್ (ಗಾಳಿಯ ಕೊಳವೆ) ಮೂಲಕ ಗಾಳಿ ಹಾಯಿಸುವ ಹೀಟ್ ಪಂಪ್ ಇದೆ. ಬೇಸಿಗೆಗೆ ತಂಪು, ಧನುರ್ಮಾಸದ ಬೆಳಗಿಗೆ ಬಿಸಿ, ಎರಡೂ ಅದರಿಂದಲೇ. ಮಾವನವರಿಗೆ ಸಂಧಿವಾತ. ಚಳಿಯ ಬೆಳಗಿನಲ್ಲಿ ಅವರಿಗೆ ಬೆರಳು ಮಡಚಲೂ ಆಗುವುದಿಲ್ಲ. ಅವರು ಏಳುವ ಹೊತ್ತಿಗೆ ಕೋಣೆ ಬೆಚ್ಚಗಿರಲಿ ಎಂದು, ಮೊಬೈಲಿನಲ್ಲೇ ಸಮಯ ಹೊಂದಿಸಬಹುದಾದ ಥರ್ಮೋಸ್ಟಾಟ್ ತರಿಸಿದೆವು. ಅಂಗಡಿಯವರು ಕಳುಹಿಸಿದ ತಂತ್ರಜ್ಞ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ಪರದೆ ಬೆಳಗಿದ್ದೇ ತಡ, ಬಿಸಿ ಬರುತ್ತದೋ ಇಲ್ಲವೋ ನೋಡದೆ ಹೊರಟುಹೋದ.

ಬಿಸಿಗೆ ಇಟ್ಟರೆ ತಣ್ಣನೆ ಗಾಳಿ. ಕೋಣೆ ತಣ್ಣಗಾದಷ್ಟೂ ಇನ್ನಷ್ಟು ಬಿಸಿ ಬೇಕೆಂದು ಥರ್ಮೋಸ್ಟಾಟ್ ಯಂತ್ರವನ್ನು ಓಡಿಸಿತು, ಓಡಿದಷ್ಟೂ ಕೋಣೆ ಇನ್ನಷ್ಟು ತಣ್ಣಗಾಯಿತು. ಮತ್ತೆ ಕರೆಸಿದಾಗ ಆ ತಂತ್ರಜ್ಞ ಥರ್ಮೋಸ್ಟಾಟಿನ ಕಡೆ ತಲೆಯೇ ಹಾಕಲಿಲ್ಲ. “ಗ್ಯಾಸ್ ಖಾಲಿಯಾಗಿದೆ ಮೇಡಂ, ತುಂಬಿಸದಿದ್ದರೆ ಕಂಪ್ರೆಸರ್ ಹೋಗುತ್ತದೆ” ಎಂದು ಹೆದರಿಸಿ, ತುಂಬಿ, ಹಣ ಎಣಿಸಿಕೊಂಡ. ಗಾಳಿ ಉಗುರುಬೆಚ್ಚಗೆ ಬರತೊಡಗಿತ್ತು. ಅದು ಹೇಗೆ ಎಂಬುದು ವಿದ್ಯುತ್ ಬಿಲ್ ಏಕಾಏಕಿ ಏರಿದ ಮೇಲಷ್ಟೇ ಗೊತ್ತಾಯಿತು.

ಬಿಲ್ ನೋಡಿ ಶಿವಾಜಿನಗರದಿಂದ ಒಬ್ಬ ಹಿರಿಯ ಮೆಕ್ಯಾನಿಕ್‌ರನ್ನು ಕರೆಸಿದೆವು. ಅವರು ಕೇಳಿದ ಮೊದಲ ಪ್ರಶ್ನೆ: “ತಂಪಿಗೆ ಇಟ್ಟರೆ ಏನು ಬರುತ್ತದೆ ಅಕ್ಕ?” ಇಟ್ಟು ನೋಡಿದರೆ ಬಿಸಿ ಗಾಳಿ. ರೋಗ ಅಲ್ಲಿಗೇ ಗೊತ್ತಾಯಿತು. ಗ್ಯಾಸ್ ಕಡಿಮೆಯಿದ್ದರೆ ತಂಪೂ ಸೊರಗುತ್ತದೆ, ಬಿಸಿಯೂ ಸೊರಗುತ್ತದೆ. ಒಂದರ ಬದಲು ಇನ್ನೊಂದು ಬರುವುದಿಲ್ಲ. ಅಲ್ಲದೆ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿರಬೇಕು. ಸೋರಿದ ಜಾಗ ತೋರಿಸಿ ಎಂದು ಕೇಳಿ.

ನಿಜವಾದ ತಪ್ಪು ಒಂದು ಅಕ್ಷರದಲ್ಲಿತ್ತು. ಹೀಟ್ ಪಂಪಿನಲ್ಲಿ ಗ್ಯಾಸಿನ ಹರಿವನ್ನು ತಿರುಗಿಸುವ ರಿವರ್ಸಿಂಗ್ ವಾಲ್ವ್ ಇರುತ್ತದೆ. ಅದರ ತಂತಿ ಥರ್ಮೋಸ್ಟಾಟಿನ ‘ಓ/ಬಿ’ ಎಂಬ ತುದಿಗೆ ಬರುತ್ತದೆ. ಹೆಚ್ಚಿನ ಕಂಪನಿಗಳ ಯಂತ್ರಗಳಲ್ಲಿ ತಂಪು ಬೇಕಾದಾಗ ಆ ವಾಲ್ವಿಗೆ ವಿದ್ಯುತ್ ಹೋಗಬೇಕು, ಅದು ‘ಓ’. ಕೆಲವುಗಳಲ್ಲಿ ಬಿಸಿ ಬೇಕಾದಾಗ, ಅದು ‘ಬಿ’. ನಮ್ಮ ಯಂತ್ರ ‘ಓ’ ಬಗೆಯದು, ತಂತ್ರಜ್ಞ ‘ಬಿ’ ಆರಿಸಿ ಹೋಗಿದ್ದ. ಮೆಕ್ಯಾನಿಕ್ ಮೆನುವಿನಲ್ಲಿ ಅದನ್ನು ಬದಲಿಸಿ, ಕಂಪ್ರೆಸರಿಗೆ ಐದು ನಿಮಿಷ ಬಿಡುವು ಕೊಟ್ಟು ಚಾಲೂ ಮಾಡಿದರು. ಬಿಸಿ ಗಾಳಿ ಬಂತು.

ಬಿಲ್ ಏರಿದ ಕಥೆ ಇನ್ನೂ ಕೆಟ್ಟದ್ದು. ಗ್ಯಾಸ್ ತುಂಬಿದರೂ ಬಿಸಿ ಬಾರದಿದ್ದಾಗ ಆ ತಂತ್ರಜ್ಞ ಡಕ್ಟಿನೊಳಗಿನ ಸಹಾಯಕ ವಿದ್ಯುತ್ ಹೀಟರನ್ನು ಚಾಲೂ ಮಾಡಿಟ್ಟಿದ್ದ. ಹೀಟ್ ಪಂಪ್ ತಂಪು ಮಾಡುತ್ತಿದ್ದ ಗಾಳಿಯನ್ನೇ ಹೀಟರ್ ಬಿಸಿ ಮಾಡುತ್ತಿತ್ತು! 10 ಕಿಲೋವ್ಯಾಟ್ ಹೀಟರ್ ಒಂದು ಗಂಟೆ ಉರಿದರೆ 10 ಯೂನಿಟ್. ಅಷ್ಟೇ ಶಾಖವನ್ನು ಸರಿಯಾಗಿರುವ ಹೀಟ್ ಪಂಪ್ ಸುಮಾರು ಮೂರನೇ ಒಂದು ಪಾಲು ವಿದ್ಯುತ್ತಿನಲ್ಲಿ ಕೊಡುತ್ತದೆ. ಬೆಂಗಳೂರಿಗೆ ಈ ಹೀಟರ್ ಬೇಕೇ ಇಲ್ಲ. ಇಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೀಟ್ ಪಂಪುಗಳ ಬಿಸಿ ಮಾಡುವ ಸಾಮರ್ಥ್ಯವನ್ನು ಪರೀಕ್ಷಿಸುವುದೇ ಹೊರಗೆ 7 ಡಿಗ್ರಿ ಇರುವ ಸ್ಥಿತಿಯಲ್ಲಿ. ಆ ತಂತ್ರಜ್ಞ ಹೆಚ್ಚಾಗಿ ತುಂಬಿದ್ದ ಗ್ಯಾಸನ್ನು ಮೆಕ್ಯಾನಿಕ್ ಹೊರತೆಗೆದು, ಯಂತ್ರದ ಫಲಕದಲ್ಲಿ ಬರೆದಿರುವ ತೂಕಕ್ಕೆ ತಂದರು. ಅದಕ್ಕೆ ಬೇರೆ ಖರ್ಚು.

ಹಾಗಾಗಿ ಹಳೆಯ ಥರ್ಮೋಸ್ಟಾಟನ್ನು ಬಿಚ್ಚುವ ಮೊದಲೇ ತಂತಿಗಳ ಫೋಟೋ ತೆಗೆದಿಡಿ. ತಂತಿಯ ಬಣ್ಣ ನಂಬಬೇಡಿ, ಯಾವ ತಂತಿ ಯಾವ ಅಕ್ಷರದ ತುದಿಯಲ್ಲಿದೆ ಎಂಬುದು ಫೋಟೋದಲ್ಲಿ ಕಾಣಬೇಕು. ಥರ್ಮೋಸ್ಟಾಟಿಗೆ ಸದಾ ವಿದ್ಯುತ್ ಸಿಗುವಂತೆ ಮಾಡುವ ‘ಸಿ’ ತಂತಿ ಇದೆಯೇ ಎಂದೂ ಕೇಳಿ. ಅದಿಲ್ಲದೆ ಜೋಡಿಸಿದರೆ ಕೆಲವು ಥರ್ಮೋಸ್ಟಾಟುಗಳ ಪರದೆ ಆರಿ ಆರಿ ಹೋಗುತ್ತದೆ. ಜೀವಕ್ಕೇ ಅಪಾಯ ತರುವ ಸಂಗತಿಯೂ ಒಂದಿದೆ: ವಿದೇಶದಿಂದ ತರಿಸುವ ಬಹಳಷ್ಟು ಸ್ಮಾರ್ಟ್ ಥರ್ಮೋಸ್ಟಾಟುಗಳು 24 ವೋಲ್ಟಿನವು, ನಮ್ಮಲ್ಲಿನ ಎಷ್ಟೋ ಯಂತ್ರಗಳ ಗೋಡೆ ಥರ್ಮೋಸ್ಟಾಟಿಗೆ 230 ವೋಲ್ಟ್ ಬರುತ್ತದೆ. ಮೀಟರ್ ಹಿಡಿದು ಅಳೆಯದೆ ಯಾರಿಗೂ ತಂತಿ ಜೋಡಿಸಲು ಬಿಡಬೇಡಿ. ಕೆಲಸ ಮುಗಿಯಿತೆಂದರೆ ಬಿಸಿ, ತಂಪು ಎರಡನ್ನೂ ನಿಮ್ಮೆದುರೇ ಓಡಿಸಿ ತೋರಿಸಲಿ, ಹಣ ಆಮೇಲೆ.

ಅಂಗಡಿಯವರು ಹಣ ಹಿಂತಿರುಗಿಸಲು ಒಪ್ಪಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ‘ಗ್ಯಾಸ್ ತುಂಬಿದ್ದಕ್ಕೆ’ ಎಂದು ಬರೆಸಿಕೊಂಡಿದ್ದ ರಸೀದಿ ಈಗ ಆ ದೂರಿಗೆ ಆಧಾರವಾಗಿದೆ. ನೀವೂ ಬಾಯಿಮಾತಿನ ಲೆಕ್ಕಕ್ಕೆ ಹಣ ಕೊಡದೆ ರಸೀದಿ ಬರೆಸಿಕೊಳ್ಳಿ.