ಹಾರ್ಡ್‌ಬಾಯ್ಲ್ಡ್ ಬೇರೆ, ನುವಾರ್ ಬೇರೆ: ಎರಡನ್ನೂ ಜೊತೆಗಿಟ್ಟು ಓದಿದಾಗ

ಹಾರ್ಡ್‌ಬಾಯ್ಲ್ಡ್, ನುವಾರ್ ಅಂತ ಅಪರಾಧ ಕಥೆಗಳಲ್ಲಿ ಎರಡು ಬಗೆ. ಎರಡೂ ಒಂದೇ ಅನ್ನುವವರು ಜಾಸ್ತಿ. ಮೇಲುನೋಟಕ್ಕೆ ಹೌದು. ಎರಡರಲ್ಲೂ ಅಮೆರಿಕದ ನಗರ, ರಾತ್ರಿ, ಸಿಗರೇಟು, ದುಡ್ಡು, ಸುಳ್ಳು. ಆದರೆ ಡ್ಯಾಶಿಯಲ್ ಹ್ಯಾಮೆಟ್‌ನ ‘ದಿ ಮಾಲ್ಟೀಸ್ ಫಾಲ್ಕನ್’ (1930) ಮುಗಿಸಿ, ಕೂಡಲೇ ಜೇಮ್ಸ್ ಎಂ. ಕೇನ್‌ನ ‘ಡಬಲ್ ಇಂಡೆಮ್ನಿಟಿ’ ಹಿಡಿದು ನೋಡಿ. ಹಾಗೆ ಓದಿದ ಮೇಲೆ ಎರಡನ್ನೂ ಒಂದೇ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬಂದಿಲ್ಲ.

ಹ್ಯಾಮೆಟ್‌ನ ಸ್ಯಾಮ್ ಸ್ಪೇಡ್ ಪತ್ತೇದಾರ. ಅಪರಾಧ ಅವನ ಆಫೀಸಿನ ಬಾಗಿಲು ತಟ್ಟಿ ಒಳಗೆ ಬರುತ್ತದೆ. ಅವನೇನೂ ಸಾಧು ಅಲ್ಲ. ಜೊತೆಗಾರನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನು, ಆ ಜೊತೆಗಾರನನ್ನು ಕಂಡರೂ ಅವನಿಗೆ ಅಷ್ಟಕ್ಕಷ್ಟೆ. ಆದರೂ ಜೊತೆಗಾರ ಕೊಲೆಯಾದಾಗ ಸುಮ್ನೆ ಇರಲು ಅವನಿಂದ ಆಗುವುದಿಲ್ಲ. ಕೊನೆಗೆ, ತಾನು ಪ್ರೀತಿಸುತ್ತಿರಬಹುದಾದ ಹೆಣ್ಣನ್ನೇ ಪೊಲೀಸರಿಗೆ ಒಪ್ಪಿಸುತ್ತಾನೆ. ದಾಟಬಾರದ ಒಂದು ಗೆರೆ ಅವನಿಗಿದೆ. ಹಾರ್ಡ್‌ಬಾಯ್ಲ್ಡ್‌ನ ಜೀವ ಇರುವುದು ಆ ಗೆರೆಯಲ್ಲಿ ಅಂತ ನನ್ನ ನಂಬಿಕೆ.

ಹ್ಯಾಮೆಟ್ ಸ್ವತಃ ಪಿಂಕರ್ಟನ್ ಸಂಸ್ಥೆಯಲ್ಲಿ ಪತ್ತೇದಾರನಾಗಿದ್ದವನು. ಬರವಣಿಗೆಯೂ ಕಣ್ಣಿಟ್ಟು ಕಾಯುವವನದೇ. ಸ್ಪೇಡ್‌ನ ಮನಸ್ಸಿನಲ್ಲಿ ಏನಿದೆ ಅಂತ ಹೇಳುವುದೇ ಇಲ್ಲ. ಸಾವಿನ ಸುದ್ದಿ ಬಂದ ರಾತ್ರಿ ಅವನ ಬೆರಳುಗಳು ಸಿಗರೇಟು ಸುತ್ತುವುದನ್ನಷ್ಟೇ ನಿಧಾನವಾಗಿ ತೋರಿಸುತ್ತಾನೆ. ಎಂಥ ಪುಟ ಅದು!

ಕೇನ್‌ನಲ್ಲಿ ಎಲ್ಲ ಉಲ್ಟಾ. ವಾಲ್ಟರ್ ಹಫ್ ವಿಮೆ ಏಜೆಂಟ್. ಕಾರಿನ ವಿಮೆ ನವೀಕರಿಸಲು ಹೋದ ಮನೆಯಲ್ಲಿ ಗೃಹಿಣಿ ಫಿಲಿಸ್ ಅಪಘಾತ ವಿಮೆಯ ಮಾತೆತ್ತುತ್ತಾಳೆ. ಗಂಡನನ್ನು ಕೊಲ್ಲುವ ಯೋಚನೆ ಅವಳದು ಅಂತ ಇವನಿಗೆ ತಕ್ಷಣ ಗೊತ್ತಾಗುತ್ತದೆ. ಎದ್ದು ಹೋಗಬಹುದಿತ್ತು, ಹೋಗಿ ಮರೆಯಬಹುದಿತ್ತು. ಆದರೆ ಕಂಪನಿಗೆ ಮೋಸ ಮಾಡುವವರನ್ನು ವರ್ಷಗಟ್ಟಲೆ ನೋಡಿದವನಿಗೆ, ತಾನು ಮಾಡಿದರೆ ಸಿಕ್ಕಿಬೀಳುವುದಿಲ್ಲ ಅನ್ನುವ ಧೈರ್ಯ. ರೈಲಿನಲ್ಲಿ ಸತ್ತರೆ ಎರಡು ಪಟ್ಟು ದುಡ್ಡು. ಹಾಗಾಗಿ ರೈಲೇ ಬೇಕು ಅವನಿಗೆ. ಇಡೀ ಕಥೆ ಹೇಳುವವನೂ ಅವನೇ. ಓದುತ್ತಾ ಓದುತ್ತಾ ಇವನು ತಪ್ಪಿಸಿಕೊಳ್ಳಲಿ ಅಂತ ನನಗೇ ಅನ್ನಿಸತೊಡಗಿತು. ಆಗ ನಿಜಕ್ಕೂ ಭಯವಾಯಿತು.

ಇದರಲ್ಲಿ ಕೀಸ್ ಅಂತ ಒಬ್ಬನಿದ್ದಾನೆ. ಅದೇ ಕಂಪನಿಯಲ್ಲಿ ಕ್ಲೇಮ್ ತನಿಖೆ ಮಾಡುವವನು, ಬಹಳ ಚುರುಕು. ಇದೇ ಕೊಲೆಯ ಕಥೆಯನ್ನು ಕೀಸ್ ಹೇಳಿದ್ದರೆ ಅದು ಹಾರ್ಡ್‌ಬಾಯ್ಲ್ಡ್ ಆಗುತ್ತಿತ್ತು. ಹಫ್ ಹೇಳಿದ್ದರಿಂದ ನುವಾರ್ ಆಯಿತು. ಇದಕ್ಕಿಂತ ಸರಳವಾದ ವ್ಯಾಖ್ಯೆ ನನಗೆ ಬೇಕಾಗಿಲ್ಲ.

ಗೊಂದಲಕ್ಕೆ ಕಾರಣವೂ ಇದೆ. ಹಾರ್ಡ್‌ಬಾಯ್ಲ್ಡ್ ಬೆಳೆದದ್ದು 1920ರ ದಶಕದಲ್ಲಿ, ‘ಬ್ಲ್ಯಾಕ್ ಮಾಸ್ಕ್’ನಂಥ ಅಗ್ಗದ ಪತ್ರಿಕೆಗಳಲ್ಲಿ. ನುವಾರ್ ಅನ್ನುವ ಹಣೆಪಟ್ಟಿ ಬಂದದ್ದು ಫ್ರಾನ್ಸಿನಿಂದ, ಆಮೇಲೆ. ಗ್ಯಾಲಿಮಾರ್ ಪ್ರಕಾಶನ 1945ರಲ್ಲಿ ಶುರು ಮಾಡಿದ ‘ಸೆರಿ ನುವಾರ್’ ಮಾಲೆ ಹ್ಯಾಮೆಟ್, ಅವನ ಹಾಗೆಯೇ ಪತ್ತೇದಾರಿ ಕಥೆ ಬರೆದ ಚಾಂಡ್ಲರ್‌ರನ್ನೂ ಒಳಗೆ ಸೇರಿಸಿಕೊಂಡಿತು. ಸಾಲದ್ದಕ್ಕೆ ‘ಡಬಲ್ ಇಂಡೆಮ್ನಿಟಿ’ 1944ರಲ್ಲಿ ಸಿನಿಮಾ ಆದಾಗ ನಿರ್ದೇಶಕ ಬಿಲ್ಲಿ ವೈಲ್ಡರ್ ಜೊತೆ ಚಿತ್ರಕಥೆ ಬರೆದದ್ದು ಇದೇ ರೇಮಂಡ್ ಚಾಂಡ್ಲರ್! ಬೇಲಿ ಕಲಸಿಹೋಗದೆ ಇರುತ್ತದಾ?

ಕಷ್ಟದ ಕೇಸ್ ಅಂದರೆ ಚಾಂಡ್ಲರ್‌ನ ‘ದಿ ಬಿಗ್ ಸ್ಲೀಪ್’ (1939). ದಿನಕ್ಕೆ 25 ಡಾಲರ್ ಮತ್ತು ಖರ್ಚಿಗೆ ದುಡಿಯುವ ಪತ್ತೇದಾರ ಮಾರ್ಲೋ, ತನಿಖೆಯಲ್ಲಿ ಕಂಡ ಕೊಳೆಯಲ್ಲಿ ಈಗ ತಾನೂ ಒಂದು ಭಾಗ ಅಂತ ಕೊನೆಗೆ ಒಪ್ಪಿಕೊಳ್ಳುತ್ತಾನೆ. ಇಲ್ಲಿ ನುವಾರ್‌ನ ವಾಸನೆ ಇದೆ, ಅಲ್ವಾ? ಆದರೆ ಅವನು ಸತ್ಯ ಮುಚ್ಚಿಡುವುದು ಸಾಯುತ್ತಿರುವ ಮುದುಕನೊಬ್ಬನ ಮನಸ್ಸು ನೋಯದಿರಲಿ ಅಂತ. ಕಾಪಾಡಲು ಅವನ ಬಳಿ ಇನ್ನೂ ಏನೋ ಇದೆ. ನನ್ನ ಪ್ರಕಾರ ಅದು ಹಾರ್ಡ್‌ಬಾಯ್ಲ್ಡೇ. ಬರೀ ಪೊಲೀಸ್ ಬ್ಯಾಡ್ಜ್ ನೋಡಿ ತೀರ್ಮಾನಿಸುವ ಹಾಗೂ ಇಲ್ಲ. ಜಿಮ್ ಥಾಂಪ್ಸನ್‌ನ ‘ದಿ ಕಿಲ್ಲರ್ ಇನ್‌ಸೈಡ್ ಮಿ’ (1952) ಕಥೆ ಹೇಳುವವನು ಡೆಪ್ಯುಟಿ ಶೆರಿಫ್. ಕೊಲೆಗಾರನೂ ಅವನೇ.

ವಾಕ್ಯಗಳ ರುಚಿಗೆ ನಾನು ಮತ್ತೆ ಮತ್ತೆ ತೆರೆಯುವುದು ಹ್ಯಾಮೆಟ್, ಚಾಂಡ್ಲರ್‌ರನ್ನು. ಆದರೆ ಒಂದೇ ಆರಿಸು ಅಂದರೆ ನುವಾರ್ ಅನ್ನುತ್ತೇನೆ. ಸ್ಪೇಡ್‌ನನ್ನು ಮೆಚ್ಚಿ ದೂರ ನಿಲ್ಲಬಹುದು, ಹಫ್‌ನಿಂದ ಹಾಗೆ ದೂರ ನಿಲ್ಲಲು ನನಗಾಗಲಿಲ್ಲ. ಹೊಸಬರು ‘ಫಾಲ್ಕನ್’ನಿಂದ ಶುರು ಮಾಡಿ, ಆಮೇಲೆ ಕೇನ್‌ಗೆ ಹೋಗಿ. ಚಾಂಡ್ಲರ್ ಮೂರನೆಯವನಾಗಲಿ. ಮೊದಲೇ ಅವನನ್ನು ಹಿಡಿದರೆ ಕಥೆಯ ಸಿಕ್ಕಿನಲ್ಲಿ ಎಳೆ ತಪ್ಪಿಹೋಗುತ್ತದೆ.