ಆಟೋಡಾಕ್ ವಿನಾ: ಪೋಸ್ ನಂಬಿ, ಸ್ಕೋರ್ ನಂಬಬೇಡಿ

ಅಲ್ಝೈಮರ್‌ಗೆ ಔಷಧ ಹುಡುಕುವ ದೊಡ್ಡ ಕಂಪನಿಗಳು ಲೈಸೆನ್ಸಿಗೆ ದುಡ್ಡು ಸುರಿದು ಡಾಕಿಂಗ್ ಸಾಫ್ಟ್‌ವೇರ್ ಕೊಳ್ಳುತ್ತವೆ. ಔಷಧದ ಅಣು ಪ್ರೋಟೀನಿನ ಗುಳಿಯಲ್ಲಿ ಹೇಗೆ ಕೂರುತ್ತದೆ (ಪೋಸ್), ಎಷ್ಟು ಬಿಗಿಯಾಗಿ ಹಿಡಿಯುತ್ತದೆ (ಸ್ಕೋರ್) ಎಂದು ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದೇ ಡಾಕಿಂಗ್. ನಮ್ಮ ಫಾರ್ಮಸಿ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಆಟೋಡಾಕ್ ವಿನಾ. ಇದು ಪುಕ್ಕಟೆ, ಕೋಡ್ ಕೂಡ ಮುಕ್ತ. ಅಪಾಚೆ ಲೈಸೆನ್ಸ್ ಇರುವುದರಿಂದ ಸ್ಟಾರ್ಟಪ್‌ಗಳೂ ಯಾರ ಅಪ್ಪಣೆಯನ್ನೂ ಕೇಳದೆ ಬಳಸಬಹುದು. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಓಲೆಗ್ ಟ್ರಾಟ್ ಮತ್ತು ಆರ್ಥರ್ ಓಲ್ಸನ್ ಕಟ್ಟಿದ ಈ ಪ್ರೋಗ್ರಾಮಿನ ಪ್ರಬಂಧ 2010ರಲ್ಲಿ ಬಂತು, 1.2 ಆವೃತ್ತಿ 2021ರಲ್ಲಿ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಒಂದು ಅಣುವಿನ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ತೊಂದರೆ ಇರುವುದು ಅದು ಕೊಡುವ ಉತ್ತರವನ್ನು ನಾವು ಓದುವ ರೀತಿಯಲ್ಲಿ.

ಇಂಥ ಸಾಫ್ಟ್‌ವೇರನ್ನು ಪರೀಕ್ಷಿಸಬೇಕಾದರೆ ಉತ್ತರ ಗೊತ್ತಿರುವ ಲೆಕ್ಕವನ್ನೇ ಕೊಡಬೇಕು. ಅಲ್ಝೈಮರ್ ಮಟ್ಟಿಗೆ ಆ ಲೆಕ್ಕ ಡೊನೆಪೆಜಿಲ್. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದ ಈ ಔಷಧ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಮನುಷ್ಯರ ಕಿಣ್ವದೊಳಗೆ ಅದು ಕೂತಿರುವ ರಚನೆ, ಪ್ರೋಟೀನ್ ರಚನೆಗಳ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ (ಪಿಡಿಬಿ) 4ಇವೈ7 ಎಂಬ ಹೆಸರಿನಲ್ಲಿದೆ. ಕಿಣ್ವದ ಒಡಲಲ್ಲಿ ಸುಮಾರು 20 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್) ಆಳದ ಒಂದು ಇಕ್ಕಟ್ಟಾದ ಕೊರಕಲು. ಡೊನೆಪೆಜಿಲ್ ಅದರ ಉದ್ದಕ್ಕೂ ಚಾಚಿಕೊಂಡಿರುತ್ತದೆ. ಬೆಂಜೈಲ್ ತುದಿ ತಳದ ಟ್ರಿಪ್ಟೊಫ್ಯಾನ್ 86ಕ್ಕೆ (ಕಿಣ್ವದ ಸರಪಳಿಯ 86ನೆಯ ಅಮೈನೊ ಆಮ್ಲ) ಒರಗಿರುತ್ತದೆ, ಇಂಡನೋನ್ ತುದಿ ಬಾಯಿಯ ಬಳಿಯ ಟ್ರಿಪ್ಟೊಫ್ಯಾನ್ 286ಕ್ಕೆ. ಕಾರ್ಬೊನಿಲ್‌ನ ಆಮ್ಲಜನಕ ಫಿನೈಲ್‌ಅಲನಿನ್ 295ಕ್ಕೆ ಹೈಡ್ರೋಜನ್ ಬಂಧದಿಂದ ಅಂಟಿರುತ್ತದೆ. ಅದೇ ಅಣುವನ್ನು ಹೊರತೆಗೆದು ವಿನಾದಿಂದ ಮತ್ತೆ ಕೂರಿಸಿದಾಗ ಮೂಲ ಜಾಗಕ್ಕೂ ಹೊಸ ಜಾಗಕ್ಕೂ ಆರ್‌ಎಂಎಸ್‌ಡಿ, ಅಂದರೆ ಪರಮಾಣುಗಳ ಸರಾಸರಿ ಅಂತರ, 2 ಆಂಗ್‌ಸ್ಟ್ರಾಮ್ ಒಳಗಿರಬೇಕು. ಇಲ್ಲಿ ಅನೇಕರು ಎಡವುತ್ತಾರೆ. ವಿನಾ ಕೊನೆಯಲ್ಲಿ ಛಾಪಿಸುವ ಪಟ್ಟಿಯಲ್ಲೂ ಆರ್‌ಎಂಎಸ್‌ಡಿ ಎಂಬ ಎರಡು ಕಾಲಂಗಳಿವೆ, ಮೊದಲ ಸಾಲಿನಲ್ಲಿ ಎರಡೂ 0. ಅದನ್ನೇ ಥೀಸಿಸ್ಸಿಗೆ ಹಾಕಿ 'ರೀಡಾಕಿಂಗ್ ಯಶಸ್ವಿ' ಎಂದು ಬರೆಯುವುದುಂಟು. ಆ ಕಾಲಂಗಳು ಹೇಳುವುದು ವಿನಾದ ಮೊದಲ ಪೋಸಿನಿಂದ ಉಳಿದ ಪೋಸುಗಳು ಎಷ್ಟು ದೂರ ಎಂದು ಮಾತ್ರ. ಸ್ಫಟಿಕ ರಚನೆಗೂ ಅವಕ್ಕೂ ಸಂಬಂಧವೇ ಇಲ್ಲ, ಆ ಲೆಕ್ಕವನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು.

ಮುಕ್ಕಾಲು ಪಾಲು ತಪ್ಪುಗಳು ನಡೆಯುವುದು ರನ್ ಒತ್ತುವ ಮೊದಲೇ. 4ಇವೈ7ರಲ್ಲಿ ಎ ಮತ್ತು ಬಿ ಎಂಬ ಎರಡು ಸರಪಳಿಗಳಿವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನೂ ಅಂಟಿಕೊಂಡ ಸಕ್ಕರೆಗಳನ್ನೂ ತೆಗೆಯಿರಿ. ನೀರನ್ನು ಮಾತ್ರ ಕಣ್ಣುಮುಚ್ಚಿ ಅಳಿಸಬೇಡಿ. ಟ್ರಿಪ್ಟೊಫ್ಯಾನ್ 86ಕ್ಕೆ ಒರಗುವುದನ್ನು ಬಿಟ್ಟರೆ, ಕೊರಕಲಿನ ತಳದಲ್ಲಿ ಡೊನೆಪೆಜಿಲ್ ಕಿಣ್ವದ ಜೊತೆ ಮಾತಾಡುವುದು ಬಹುಮಟ್ಟಿಗೆ ನೀರಿನ ಅಣುಗಳ ಮೂಲಕವೇ. ಅಲ್ಲಿ ಗಟ್ಟಿಯಾಗಿ ಕೂತ ಒಂದೆರಡು ನೀರನ್ನು ಕಿಣ್ವದ ಫೈಲಿನಲ್ಲೇ ಬಿಟ್ಟು ಒಮ್ಮೆ, ತೆಗೆದು ಇನ್ನೊಮ್ಮೆ ಓಡಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಲಿಗಂಡನ್ನು, ಅಂದರೆ ಕೂರಿಸಬೇಕಾದ ಅಣುವನ್ನು, ಪಿಡಿಬಿ ಫೈಲಿನಿಂದ ಮಾಡಬೇಡಿ. ಅದರಲ್ಲಿ ಒಂಟಿ ಬಂಧ, ಜೋಡಿ ಬಂಧದ ಮಾಹಿತಿ ಸರಿಯಾಗಿರುವುದಿಲ್ಲ. ಬಂಧಗಳ ಮಾಹಿತಿ ಇರುವ ಎಸ್‌ಡಿಎಫ್ ಫೈಲ್ ತೆಗೆದುಕೊಂಡು, ಹೈಡ್ರೋಜನ್‌ಗಳನ್ನೆಲ್ಲ ಸೇರಿಸಿ, ಮೀಕೊ ಎಂಬ ಪ್ರೋಗ್ರಾಮಿನ ಮೂಲಕ ವಿನಾ ಓದುವ ಪಿಡಿಬಿಕ್ಯೂಟಿ ಫೈಲ್ ಮಾಡಿ. ಡೊನೆಪೆಜಿಲ್ ಮಾತ್ರೆಯಲ್ಲಿ ಆರ್ ಮತ್ತು ಎಸ್ ಎಂಬ ಎಡಬಲ ರೂಪಗಳೆರಡೂ ಬೆರೆತಿರುತ್ತವೆ. ಯಾವ ರೂಪ ಎಂದು ಹೇಳದ ಸ್ಮೈಲ್ಸ್ (ಅಣುವನ್ನು ಅಕ್ಷರಗಳ ಸಾಲಾಗಿ ಬರೆದದ್ದು) ಕೊಟ್ಟರೆ ಮೂರು ಆಯಾಮದ ರಚನೆ ಮಾಡುವ ಪ್ರೋಗ್ರಾಮು ತನಗೆ ತೋಚಿದ್ದನ್ನು ಆರಿಸಿಕೊಳ್ಳುತ್ತದೆ, ಆದ್ದರಿಂದ ಎರಡನ್ನೂ ಬೇರೆಬೇರೆ ಮಾಡಿಕೊಳ್ಳಿ. ವಿನಾ ಬಂಧಗಳನ್ನು ತಿರುಗಿಸುತ್ತದೆಯೇ ಹೊರತು ಆರು ಪರಮಾಣುಗಳ ಉಂಗುರದ ಆಕಾರವನ್ನು ಬದಲಿಸುವುದಿಲ್ಲ. ಡೊನೆಪೆಜಿಲ್‌ನ ಪಿಪೆರಿಡಿನ್ ಉಂಗುರವನ್ನು ದೋಣಿಯಂತೆ ಬಾಗಿಸಿ ಕೊಟ್ಟರೆ ಕೊನೆಯವರೆಗೂ ದೋಣಿಯೇ. ಎಷ್ಟು ಸಲ ಓಡಿಸಿದರೂ ಸರಿಯಾದ ಪೋಸ್ ಬರುತ್ತಿಲ್ಲ ಎಂದರೆ ಮೊದಲು ಈ ಉಂಗುರವನ್ನು ನೋಡಿ.

ಇನ್ನು ಬಾಕ್ಸ್, ಅಂದರೆ ವಿನಾ ಹುಡುಕಬೇಕಾದ ಜಾಗದ ಚೌಕಟ್ಟು. ಫೈಲುಗಳನ್ನು ಸಿದ್ಧಮಾಡುವ ಹಳೆಯ ಎಂಜಿಎಲ್‌ಟೂಲ್ಸ್ ಪ್ರೋಗ್ರಾಮಿನ ಪರದೆ ಬಾಕ್ಸಿನ ಅಳತೆಯನ್ನು ಗ್ರಿಡ್ ಬಿಂದುಗಳಲ್ಲಿ ತೋರಿಸುತ್ತದೆ, ಬಿಂದುವಿಗೆ 0.375 ಆಂಗ್‌ಸ್ಟ್ರಾಮ್. ಅಲ್ಲಿ 60 ಎಂದರೆ 22.5 ಆಂಗ್‌ಸ್ಟ್ರಾಮ್. ವಿನಾ ಕೇಳುವುದು ನೇರವಾಗಿ ಆಂಗ್‌ಸ್ಟ್ರಾಮಿನಲ್ಲಿ. 60 ಅನ್ನು ಹಾಗೆಯೇ ಕಾನ್ಫಿಗ್ ಫೈಲಿಗೆ ಇಳಿಸಿದರೆ ಹುಡುಕಬೇಕಾದ ಜಾಗ ಸುಮಾರು 19 ಪಟ್ಟು ಹಿಗ್ಗುತ್ತದೆ, ಅಣು ಹೋಗಿ ಕಿಣ್ವದ ಹೊರಮೈಗೆ ಅಂಟಿಕೊಳ್ಳಬಹುದು. ಬಾಕ್ಸ್ 27,000 ಘನ ಆಂಗ್‌ಸ್ಟ್ರಾಮ್ ದಾಟಿದರೆ ವಿನಾ ಎಚ್ಚರಿಕೆ ಕೊಡುತ್ತದೆ. ಅದನ್ನು ಓದುವವರು ಕಡಿಮೆ. ಸ್ಫಟಿಕದಲ್ಲಿರುವ ಇ20, ಅಂದರೆ ಡೊನೆಪೆಜಿಲ್‌ನ ಪರಮಾಣುಗಳ ಸರಾಸರಿಯನ್ನೇ ಕೇಂದ್ರವಾಗಿಟ್ಟು, ಒಂದೊಂದು ಬದಿಗೆ 22ರಿಂದ 25 ಆಂಗ್‌ಸ್ಟ್ರಾಮ್ ಕೊಟ್ಟರೆ ಕೊರಕಲು ಪೂರ್ತಿ ಸೇರುತ್ತದೆ. ಎಕ್ಸಾಸ್ಟಿವ್‌ನೆಸ್ (ಎಷ್ಟು ಕೂಲಂಕಷವಾಗಿ ಹುಡುಕಬೇಕು ಎಂಬ ಅಂಕಿ) ಮೊದಲಿಗೆ 8 ಇರುತ್ತದೆ, 32ಕ್ಕೆ ಏರಿಸಿ. ಬೇರೆಬೇರೆ ಸೀಡ್ (ಹುಡುಕಾಟ ಶುರುಮಾಡುವ ಸಂಖ್ಯೆ) ಕೊಟ್ಟು ಮೂರು ಸಲ ಓಡಿಸಿ, ಮೂರರಲ್ಲೂ ಒಂದೇ ಪೋಸ್ ಮೊದಲು ಬರುತ್ತದೆಯೇ ನೋಡಿ.

ಇಷ್ಟು ಮಾಡಿದ ಮೇಲೆ ಪೋಸ್ ವಿಷಯದಲ್ಲಿ ವಿನಾ ಮೆಚ್ಚುವ ಕೆಲಸ ಮಾಡುತ್ತದೆ. ಆದರೆ ನಾವು ಬೇರೆ ಹೇಳದ ಹೊರತು ಕಿಣ್ವ ಅದರ ಪಾಲಿಗೆ ಕದಲದ ಕಲ್ಲು. ಇದೇ ಕಿಣ್ವವನ್ನು ತಡೆಯುವ ಟಾಕ್ರಿನ್ ಎಂಬ ಅಣು ಕೂತಾಗ ಕೊರಕಲಿನ ಮಧ್ಯದ ಒಂದು ಉಂಗುರ ಬೇರೆ ದಿಕ್ಕಿಗೆ ತಿರುಗುತ್ತದೆ (ಮನುಷ್ಯರಲ್ಲಿ ಟೈರೋಸಿನ್ 337 ಇರುವ ಜಾಗ). ಡೊನೆಪೆಜಿಲ್‌ಗೆಂದು ತೆರೆದುಕೊಂಡ ರಚನೆಯಲ್ಲಿ ಟಾಕ್ರಿನ್ ಜಾತಿಯ ಅಣುಗಳನ್ನು ಕೂರಿಸಿ ನ್ಯಾಯ ಕೇಳುವಂತಿಲ್ಲ.

ಸ್ಕೋರಿನ ಮಾತೇ ಬೇರೆ. ಡೊನೆಪೆಜಿಲ್‌ನ ಸಾರಜನಕ ನಮ್ಮ ರಕ್ತದ ಪಿಎಚ್‌ನಲ್ಲಿ ಧನ ಆವೇಶ ಹೊತ್ತು ಸುತ್ತಲಿನ ಉಂಗುರಗಳನ್ನು ಸೆಳೆಯುತ್ತದೆ, ಈ ಔಷಧದ ಹಿಡಿತದಲ್ಲಿ ಅದಕ್ಕೆ ದೊಡ್ಡ ಪಾಲಿದೆ. ವಿನಾದ ಮೂಲ ಸೂತ್ರದಲ್ಲಿ ಆವೇಶಕ್ಕೆ ಜಾಗವೇ ಇಲ್ಲ. ಪಿಡಿಬಿಕ್ಯೂಟಿ ಫೈಲಿನಲ್ಲಿ ಬರೆದ ಆವೇಶಗಳನ್ನು ಅದು ಓದಿಯೂ ನೋಡುವುದಿಲ್ಲ. 2010ರ ಪ್ರಬಂಧವೇ ಸ್ಕೋರಿನ ತಪ್ಪಿನ ಅಳತೆಯನ್ನು ಮೋಲಿಗೆ 2.85 ಕಿಲೋಕ್ಯಾಲೊರಿ ಎಂದು ಕೊಟ್ಟಿದೆ. 1.4 ಕಿಲೋಕ್ಯಾಲೊರಿ ಎಂದರೆ ಹಿಡಿತದಲ್ಲಿ ಹತ್ತು ಪಟ್ಟು ವ್ಯತ್ಯಾಸ, ಹಾಗಾಗಿ 2.85 ಎಂದರೆ ನೂರು ಪಟ್ಟು. ಸ್ಕೋರ್ ಕೆಳಗಿಳಿದಷ್ಟೂ ಹಿಡಿತ ಬಿಗಿ ಎಂದು ಲೆಕ್ಕ. ಹೀಗಿರುವಾಗ −9.8 ಬಂದ ಅಣು −9.3 ಬಂದದ್ದಕ್ಕಿಂತ ಮೇಲು ಎಂದು ಕೋಷ್ಟಕ ಹಾಕುವುದರಲ್ಲಿ ಏನಿದೆ?

ಗಿಡಮೂಲಿಕೆಗಳ ಪ್ರಾಜೆಕ್ಟುಗಳಲ್ಲಿ ಇದು ಎದ್ದು ಕಾಣುತ್ತದೆ. 'ಬ್ರಾಹ್ಮಿ' ಎಂದು ಬರೆದಾಗ ಯಾವ ಗಿಡ ಎಂಬುದೇ ಮೊದಲ ಪ್ರಶ್ನೆ. ನಮ್ಮಲ್ಲಿ ತಂಬುಳಿ ಮಾಡುವ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರುಬ್ರಾಹ್ಮಿಗೂ ಅನ್ನುತ್ತಾರೆ. ಒಂದೆಲಗದ ಏಷಿಯಾಟಿಕೊಸೈಡ್ ಸುಮಾರು 959 ಅಣುತೂಕದ, ಮೂರು ಸಕ್ಕರೆ ಹೊತ್ತ ಸಪೋನಿನ್. ಡೊನೆಪೆಜಿಲ್‌ನ ತೂಕ 379. ಪರಮಾಣು ಹೆಚ್ಚಿದಷ್ಟೂ ತಾಗುವ ಜಾಗ ಹೆಚ್ಚು, ಹೀಗಾಗಿ ದೊಡ್ಡ ಅಣುಗಳಿಗೆ ವಿನಾ ಸುಮ್ಮನೆ ಒಳ್ಳೆಯ ಅಂಕ ಕೊಡುವುದುಂಟು. ಆದರೆ ಅದು ಮಿದುಳಿಗೆ ಹೋಗಬೇಕಲ್ಲ! ಎರಡೂ ಅಣುಗಳ ಸ್ಮೈಲ್ಸನ್ನು ಅಣು ದೇಹದಲ್ಲಿ ಹೇಗೆ ಸಾಗುತ್ತದೆ ಎಂದು ಅಂದಾಜಿಸುವ, ಪುಕ್ಕಟೆಯಾಗಿರುವ ಸ್ವಿಸ್‌ಎಡಿಎಂಇ ತಾಣಕ್ಕೆ ಹಾಕಿ, ಬೇಯಿಸಿದ ಮೊಟ್ಟೆಯ ಚಿತ್ರ ತೆರೆಯಿರಿ. ಹಳದಿ ಭಾಗದಲ್ಲಿ ಬಿದ್ದದ್ದು ರಕ್ತ–ಮಿದುಳಿನ ತಡೆಯನ್ನು ತಾನಾಗಿ ದಾಟಬಹುದು. ಡೊನೆಪೆಜಿಲ್ ಹಳದಿಯೊಳಗೆ ಬೀಳುತ್ತದೆ. ಏಷಿಯಾಟಿಕೊಸೈಡ್‌ನ ಧ್ರುವೀಯ ಮೇಲ್ಮೈ 315 ಚದರ ಆಂಗ್‌ಸ್ಟ್ರಾಮಿನ ಆಸುಪಾಸು, ಅದು ಮೊಟ್ಟೆಯ ಬಿಳಿಗೂ (ಕರುಳು ಹೀರಿಕೊಳ್ಳಬಹುದಾದ ಅಣುಗಳ ಜಾಗ) ಸೇರುವುದಿಲ್ಲ. ಡಾಕಿಂಗಿಗೆ ಮೊದಲೇ ಈ ಜರಡಿ ಹಿಡಿದರೆ ಅರ್ಧ ಪಟ್ಟಿ ಉದುರುತ್ತದೆ, ಕಂಪ್ಯೂಟರಿನ ಸಮಯವೂ ಉಳಿಯುತ್ತದೆ.

ಗುಳಿಯೇ ಇಲ್ಲದ ಪ್ರೋಟೀನುಗಳಿಗೆ ವಿನಾ ಹಚ್ಚಬೇಡಿ. ಪಾರ್ಕಿನ್ಸನ್ ಕಾಯಿಲೆಯ ಆಲ್ಫಾ ಸೈನ್ಯೂಕ್ಲಿನ್, ಅಲ್ಝೈಮರ್‌ನ ಟಾವ್ ಇವು ಒಂಟಿಯಾಗಿದ್ದಾಗ ನಿಂತ ಆಕಾರವಿಲ್ಲದ ದಾರಗಳು. ಪ್ರೋಟೀನುಗಳ ಆಕಾರ ಊಹಿಸಿ ಕೊಡುವ ಆಲ್ಫಾಫೋಲ್ಡ್ ತಾಣದಿಂದ ಇಳಿಸಿದ ರಚನೆಯಲ್ಲಿ ಪಿಎಲ್‌ಡಿಡಿಟಿ (ಊಹೆಯ ಮೇಲಿನ ಭರವಸೆಯ ಅಂಕ) 50ಕ್ಕಿಂತ ಕಡಿಮೆ ಇರುವ ಕಿತ್ತಳೆ ಬಣ್ಣದ ಭಾಗ ಕಂಡರೆ ಅದನ್ನು ಆಕಾರ ಎಂದು ಎಣಿಸುವಂತಿಲ್ಲ. ಅಲ್ಲಿ ಬಾಕ್ಸ್ ಇಟ್ಟರೂ ವಿನಾ ಆಗುವುದಿಲ್ಲ ಅನ್ನುವುದಿಲ್ಲ, ಒಂಬತ್ತು ಪೋಸುಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಅಂಕ ಬರೆದು ಕೊಡುತ್ತದೆ.